ಕರಡಿಯ ಗೂನು

ಗ್ಲಾಡ್ವಿನ್ ಲೋಬೊ ಮಂಗಳೂರಿನಲ್ಲಿ ಬಸ್ಸಿನ ಸೀಟುಗಳಿಗೆ ಕುಶನ್ ಹಾಕುತ್ತಿದ್ದವರು. ಸಿಡ್ನಿಗೆ ಬಂದ ಮೇಲೆ ಹತ್ತು ವರ್ಷ ಸೋಫಾಗಳ ಕೆಲಸ ಮಾಡಿದರು. ಸೋಫಾ ಕೆಲಸವೆಂದರೆ ದಿನವಿಡೀ ನೆಲದ ಮೇಲೆ ಮಂಡಿಯೂರಿರುವುದು. ಐವತ್ತನಾಲ್ಕನೆಯ ವಯಸ್ಸಿಗೆ ಅವರ ಮಂಡಿಗಳು ಸವೆದುಹೋಗಿದ್ದವು. ಸಿಡ್ನಿಯ ಟೂಂಗಾಬಿ ಬಡಾವಣೆಯಲ್ಲಿ ಅವರದು ನಮ್ಮ ಎದುರು ಮನೆ. ಕಾರಿನಿಂದ ಇಳಿದು ಬಾಗಿಲು ತಲುಪಲು ಅವರು ಪಡುವ ಪಾಡು ಕಿಟಕಿಯಿಂದಲೇ ಕಾಣುತ್ತಿತ್ತು.

೨೦೦೫ರಲ್ಲಿ ಹತ್ತಿರದ ಬ್ಲ್ಯಾಕ್‌ಟೌನ್‌ನ ಒಂದು ಗೋದಾಮಿನಲ್ಲಿ ಅವರಿಗೆ ಬೇರೆ ಕೆಲಸ ಸಿಕ್ಕಿತು. ಉತ್ತರ ಅಮೆರಿಕದ ಕಾಡುಪ್ರಾಣಿಗಳ ಪ್ರದರ್ಶನವೊಂದು ಮೆಲ್ಬರ್ನ್‌ಗೆ ಹೋಗುವುದಿತ್ತು. ಎಲ್ಲವೂ ಸತ್ತ ಪ್ರಾಣಿಯ ಚರ್ಮಕ್ಕೆ ಹುಲ್ಲು ತುಂಬಿ ನಿಲ್ಲಿಸಿದವು: ತೋಳ, ಬೈಸನ್, ಬೀವರ್, ಒಂದು ಗ್ರಿಝ್ಲಿ ಕರಡಿ. ಬಿಚ್ಚಿಹೋದದ್ದನ್ನು ಹೊಲಿಯಬೇಕು. ಕರಡಿಯ ಹೊಲಿಗೆ ಚೆನ್ನಾಗಿ ಬಂದು ಅದು ಸಮಯಕ್ಕೆ ತಲುಪಿದರೆ ಮೆಲ್ಬರ್ನ್‌ನ ವರ್ಕ್‌ಶಾಪಿನಲ್ಲಿ ಪರ್ಮನೆಂಟ್ ಮಾಡುತ್ತೇವೆ ಎಂದು ಪ್ರದರ್ಶನದವರು ಹೇಳಿದ್ದರು. ಮೇಜಿನ ಮುಂದೆ ಕುರ್ಚಿಯಲ್ಲಿ ಕೂತು ಮಾಡುವ ಕೆಲಸ. ಗ್ಲಾಡ್ವಿನ್‌ಗೆ ಬೇಕಾಗಿದ್ದದ್ದು ಆ ಕುರ್ಚಿ. ಹೆಂಡತಿ ಯುಜಿನಿಯಾ ಅಲ್ಲಿ ರೆಂಟ್‌ಗೆ ಮನೆ ಹುಡುಕಲೂ ಶುರು ಮಾಡಿದ್ದರು.

ಲಾರಿ ಹೊರಡುವ ಎರಡು ದಿನ ಮೊದಲು ಗ್ಲಾಡ್ವಿನ್ ನನ್ನನ್ನು ಕರೆದೊಯ್ದು ಕರಡಿಯನ್ನು ತೋರಿಸಿದರು, ನಾನು ಮೂವತ್ತೊಂದು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದವಳೆಂಬ ಕಾರಣಕ್ಕೆ. ಗೋದಾಮಿನ ಉಸ್ತುವಾರಿ ಪ್ರೇಮನಾಥ, ಉಡುಪಿಯವರು, ಚಹಾ ಕೊಟ್ಟರು.

ಹೊಲಿಗೆ ಹುಡುಕಿದರೂ ಕಾಣುತ್ತಿರಲಿಲ್ಲ. ಕರಡಿಯ ಬೆನ್ನು ಬಸ್ಸಿನ ಸೀಟಿನಷ್ಟು ಸಪಾಟಾಗಿತ್ತು.

“ಗೂನು ಎಲ್ಲಿ, ಗ್ಲಾಡ್ವಿನ್?” ಎಂದೆ.

“ಅದನ್ನು ಸರಿ ಮಾಡಿದೆ ಟೀಚರ್. ಹುಲ್ಲೆಲ್ಲ ಹೆಗಲಿಗೆ ಬಂದು ಗಂಟು ಕಟ್ಟಿತ್ತು. ಹನ್ನೊಂದು ದಿನ ಹಿಡೀತು.”

“ಅದು ಹುಲ್ಲಿನ ಗಂಟಲ್ಲ. ನೆಲ ಅಗೆಯುವ ಸ್ನಾಯು. ಗ್ರಿಝ್ಲಿಯ ಗುರುತೇ ಅದು.”

ಅವರು ಊರಿನಲ್ಲಿ ಕಂಡ ಕರಡಿಗೆ ಗೂನಿರಲಿಲ್ಲ. ಕೆಟ್ಟ ಸೋಫಾಗಳಿಗೆ ಇರುತ್ತಿತ್ತು. ತಪ್ಪು ಅಷ್ಟು ಸರಳ.

ಪ್ರೇಮನಾಥ ನಕ್ಕರು. “ಎಂಥ ಟೀಚರ್ ನೀವು! ಮೆಲ್ಬರ್ನಿನವರು ಗ್ರಿಝ್ಲಿ ಕಂಡಿದ್ದಾರಾ? ಕಾಂಗರೂವಿನ ಚೀಲ ಮುಚ್ಚಿ ಹೊಲಿದಿದ್ರೆ ಬೊಬ್ಬೆ ಹಾಕ್ತಿದ್ರು. ಗ್ಲಾಡಿ, ಸುಮ್ಮನೆ ಲೋಡ್ ಮಾಡು ಮಾರಾಯ.”

“ಲೇಬಲ್‌ನಲ್ಲಿ ಬರೆದುಂಟಾ ಗೂನಿನ ವಿಷಯ?” ಎಂದು ಗ್ಲಾಡ್ವಿನ್ ನನ್ನನ್ನು ಕೇಳಿದರು.

ಬರೆದಿತ್ತು, ಕರಡಿಯ ಜೊತೆ ಬಂದಿದ್ದ ಲೇಬಲ್‌ನ ಮೂರನೆಯ ಸಾಲಿನಲ್ಲಿ. ಅವರು ಓದಿರಲಿಲ್ಲ. ಸೀಟುಗಳ ಜೊತೆ ಯಾರೂ ಲೇಬಲ್ ಕೊಡುವುದಿಲ್ಲ.

ಗ್ಲಾಡ್ವಿನ್ ಹೋಗಿ ಒಂದು ಬಿಸ್ಕತ್ತಿನ ಡಬ್ಬಿ ತಂದು ತೆರೆದರು. ಒಳಗೆ ಗೂನಿನಿಂದ ಕತ್ತರಿಸಿ ತೆಗೆದ ಚರ್ಮದ ಪಟ್ಟಿ, ಕೂದಲಿನ ಸಮೇತ ಮಡಿಸಿಟ್ಟದ್ದು. ಗಿರಾಕಿ ಬಂದು ಸೀಟಿನಲ್ಲಿ ಕೂತು ನೋಡುವ ತನಕ ಕತ್ತರಿಸಿದ ತುಂಡನ್ನು ಎಸೆಯಕೂಡದು ಎಂದು ಅವರಿಗೆ ಕೆಲಸ ಕಲಿಸಿದವರು ಹೇಳಿಕೊಟ್ಟಿದ್ದರಂತೆ.

“ಈಗ ಬಿಚ್ಚಿದ್ರೆ ಲಾರಿ ತಪ್ತದೆ,” ಎಂದರು ಪ್ರೇಮನಾಥ, ಈ ಸಲ ನಗದೆ. “ಲಾರಿ ತಪ್ಪಿದ್ರೆ ನಿನ್ನ ಕುರ್ಚಿಯೂ ಹೋಯ್ತು.”

“ಗೊತ್ತುಂಟು ಮಾರಾಯ. ಆ ಬ್ಲೇಡ್ ಕೊಡು.”

ಲಾರಿ ಕರಡಿಯಿಲ್ಲದೆ ಹೋಯಿತು. ಮೆಲ್ಬರ್ನಿನವರು ಆ ಜಾಗದಲ್ಲಿ ಒಂದು ಫೋಟೋ ನಿಲ್ಲಿಸಿ ಪ್ರದರ್ಶನ ಶುರು ಮಾಡಿದರು. ಕುರ್ಚಿಗೆ ಬೇರೆಯವರನ್ನು ತೆಗೆದುಕೊಂಡರು. ಕರಡಿ ಎರಡು ವಾರ ತಡವಾಗಿ ತಲುಪಿತು. ಆ ವರ್ಷ ಮೆಲ್ಬರ್ನ್‌ಗೆ ಹೋದಾಗ ನಾನು ನೋಡಿದೆ. ಪಟ್ಟಿಯ ಎರಡೂ ಅಂಚಿನಲ್ಲಿ ಹೊಲಿಗೆ ಎದ್ದು ಕಾಣುತ್ತಿದ್ದುದರಿಂದ ಬೆಳಕು ಕಡಿಮೆಯಿರುವ ಮೂಲೆಗೆ ಸರಿಸಿದ್ದರು. ಗೂನು ಇರಬೇಕಾದಲ್ಲಿ, ಇರಬೇಕಾದಷ್ಟು ಇತ್ತು.

ಹಿಂದಿರುಗಿ ಬಂದು ಅದನ್ನೇ ಹೇಳಿದೆ. ಗ್ಲಾಡ್ವಿನ್ ಆಗ ಮತ್ತೆ ಸೋಫಾ ಕೆಲಸಕ್ಕೆ ಸೇರಿ ಒಂದು ತಿಂಗಳಾಗಿತ್ತು. ಸಂಜೆ ಕಾರಿನಿಂದ ಇಳಿದವರು ಬಾಗಿಲು ಹಿಡಿದುಕೊಂಡೇ ಕೇಳಿಸಿಕೊಂಡರು.

“ಆ ದಿನ ನೀವು ಹೇಳದೇ ಇರಬಹುದಿತ್ತಲ್ಲ, ಟೀಚರ್?”

“ಇಲ್ಲ,” ಎಂದೆ.

“ಹಾಗಾದ್ರೆ ಹನ್ನೊಂದು ದಿನ ಮೊದಲೇ ಬರಬೇಕಿತ್ತು.”

ಅಷ್ಟು ಹೇಳಿ ಮನೆಯ ಮೆಟ್ಟಿಲು ಹತ್ತತೊಡಗಿದರು, ಒಂದೊಂದು ಮೆಟ್ಟಿಲಿನ ಮೇಲೂ ಎರಡೂ ಕಾಲು ಊರಿ ನಿಂತು.