ಕರೆಂಟ್ ಬಂಡಿಯ ಕಲ್ಲಿದ್ದಲು

ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ಇಂಥ ಕಥೆ ಕೇಳಿ ಜೀವನವಿಡೀ ನಕ್ಕವನು ನಾನೇ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು. ಯಾರಾದರೂ ವಿಚಿತ್ರ ಕಂಡೆವು ಎಂದರೆ "ಮೊದಲು ಕನ್ನಡಕ ಬದಲಾಯಿಸಿ" ಎನ್ನುತ್ತಿದ್ದೆ. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ನನ್ನ ಬಾಯಿ ಕಟ್ಟಿತು.

ನಮ್ಮಪ್ಪ ಉಗಿಬಂಡಿಯಲ್ಲಿ ಫೈರ್‌ಮನ್ ಆಗಿದ್ದವರು. ಎಂಜಿನ್ನಿನ ಒಲೆಗೆ ಸಲಿಕೆಯಲ್ಲಿ ಕಲ್ಲಿದ್ದಲು ಹಾಕುವುದು ಅವರ ಕೆಲಸ. ಉಗಿಬಂಡಿಗಳು ನಿಂತ ಮೇಲೆ ಬೇರೆ ಕೆಲಸ ಕೊಟ್ಟರು, ಮಾಡಿದರು, ನಿವೃತ್ತರೂ ಆದರು. "ಬೆಂಕಿ ಇಲ್ದಿದ್ ಮೇಲೆ ಅದೆಂಥಾ ಎಂಜಿನ್ನೋ" ಎಂದು ಮೂಗು ಮುರಿಯುವುದನ್ನು ಮಾತ್ರ ಬಿಡಲಿಲ್ಲ. ಆ ವರ್ಷ ಅವರಿಗೆ ಎಂಬತ್ತು ದಾಟಿತ್ತು. ಅದಕ್ಕೆ ಕೆಲವು ತಿಂಗಳ ಹಿಂದೆ ಬಂದಿದ್ದ ಕಾಯಿಲೆ ವಾಸಿಯಾಗಿದ್ದರೂ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಊಟ ಅರ್ಧ, ಮಾತು ಕಾಲು. ಡಾಕ್ಟರು, "ಮೈ ಸರಿಯಾಗಿದೆ, ಮನಸ್ಸು ಏಳಬೇಕು ಅಷ್ಟೇ" ಎಂದಿದ್ದರು.

ಅಷ್ಟರಲ್ಲಿ ಸುದ್ದಿ ಬಂತು: ನಮ್ಮ ಕಡೂರಿನಿಂದ ಅಜ್ಜಂಪುರಕ್ಕೆ ಒಂದು ದಿನ ಹಳೆಯ ಕಾಲದ ಉಗಿಬಂಡಿ ಓಡುತ್ತದೆಯಂತೆ. ಅಪ್ಪನಿಗೆ ಹೇಳಿದೆ. ಅವರು ಎದ್ದು ಕೂತು, "ಟಿಕೆಟ್ ತಗೊಂಡ್ಯಾ?" ಎಂದರು. ಮಾರನೆಯ ದಿನ ತಾವೇ ಗಡ್ಡ ಹೆರೆದುಕೊಂಡರು. ವಾರವೆಲ್ಲ ಮನೆಯಲ್ಲಿ ಎಂಜಿನ್ನಿನದೇ ಪುರಾಣ. ಆಗ ಅಮ್ಮನ ಮುಖ ನೋಡಬೇಕಿತ್ತು ನೀವು.

ಹೊರಡುವ ಹಿಂದಿನ ಸಂಜೆ ಸ್ಟೇಷನ್ನಿನಲ್ಲಿ ವಿಚಾರಿಸಿದೆ. ಅದು ಉಗಿಬಂಡಿಯೇ ಅಲ್ಲ. ಕರೆಂಟಿನ ಎಂಜಿನ್ನಿಗೆ ತಗಡು ಹೊದಿಸಿ, ಹಳೆಯ ವೇಷ ಹಾಕಿ, ನಾಟಕದಲ್ಲಿ ಹೊಗೆ ಬಿಡುವಂಥ ಯಂತ್ರ ಕೂರಿಸಿದ್ದರು. ಕಲ್ಲಿದ್ದಲಿನ ಒಂದು ಚೂರೂ ಇಲ್ಲ. ಹೇಳಿದರೆ ಅಪ್ಪ ಮತ್ತೆ ಮುಸುಕೆಳೆದು ಮಲಗುತ್ತಾರೆ. ಹೇಳದಿದ್ದರೆ ಅಷ್ಟು ಜನರ ಮಧ್ಯೆ ಮೋಸ ಹೋದೆ ಎಂದುಕೊಳ್ಳುತ್ತಾರೆ. ಹೇಡಿಯ ಹಾಗೆ ಸುಮ್ಮನಿದ್ದೆ.

ಬೆಳಿಗ್ಗೆ ಪ್ಲಾಟ್‌ಫಾರ್ಮಿನಲ್ಲಿ ಜನವೋ ಜನ. ಹಾರ, ವಾಲಗ, ಸೆಲ್ಫಿ. ಅಪ್ಪ ಎಂಜಿನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಬೋಗಿ ಹತ್ತಿ ಕೂತರು. ನನಗೆ ಅವರ ಮುಖ ನೋಡುವ ಧೈರ್ಯವಾಗಲಿಲ್ಲ.

ಬೀರೂರು ದಾಟಿತು. ಸುಮ್ಮನೆ ಕಿಟಕಿಗೆ ಮುಖ ಕೊಟ್ಟು ಕೂತಿದ್ದೆ. ಬಲಗಣ್ಣಿಗೆ ಚುರ್ರೆಂದು ಏನೋ ಬಿತ್ತು. ಉಜ್ಜಲು ಹೋದ ನನ್ನ ಕೈಯನ್ನು ಅಪ್ಪ ಪಟ್ಟನೆ ಹಿಡಿದರು. "ಉಜ್ಬೇಡ ಕಣೋ!" ಟವೆಲಿನ ತುದಿಯನ್ನು ಉಂಡೆ ಮಾಡಿ, ಬಿಸಿಯುಸಿರು ಊದಿ ಕಣ್ಣಿಗೊತ್ತಿದರು. ರೆಪ್ಪೆ ಮಗುಚಿ ಕರಿಯ ಚೂರೊಂದನ್ನು ತೆಗೆದರು. ಬೆರಳಲ್ಲಿ ಹೊಸಕಿದರು. ಮೂಸಿದರು. ಆಮೇಲೆ ಇಡೀ ಬೋಗಿ ತಿರುಗಿ ನೋಡುವಂತೆ ನಕ್ಕರು.

"ಲೇ, ಕಲ್ಲಿದ್ದಲು ಕಣೋ!"

ನಾನು ತೊದಲಿದೆ. "ಅಪ್ಪ, ಈ ಎಂಜಿನ್ನು..."

"ಕರೆಂಟಿಂದು ಅಂತ ನೋಡಿದ್ ಕೂಡ್ಲೇ ಗೊತ್ತಾಯ್ತು. ಆಸೆಯಿಂದ ಕರ್ಕೊಂಡ್ ಬಂದಿದ್ದೀಯ, ನಿಂಗ್ ಬೇಜಾರಾಗ್ಬಾರ್ದು ಅಂತ ಸುಮ್ನಿದ್ದೆ. ಆದ್ರೆ ಇದೆಲ್ಲಿಂದ ಬಂತು ಹೇಳು?"

ಹಳಿ ಪಕ್ಕದ ಧೂಳಿರಬೇಕು ಎಂದೆ. "ನಿನ್ ಇಸ್ಕೂಲ್ ಪಾಠ ನಂಗ್ ಹೇಳ್ಬೇಡ. ದಿನಾ ಇದನ್ನೇ ಉಸಿರಾಡ್ದೋನು ನಾನು" ಎಂದರು. ಅಜ್ಜಂಪುರ ಮುಟ್ಟುವವರೆಗೆ ಎದುರಿನ ಸೀಟಿನವರಿಗೆಲ್ಲ ಸಲಿಕೆ ಬೀಸುವುದು ಹೇಗೆಂದು ಎದ್ದು ನಿಂತು ತೋರಿಸಿದರು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಅಳು ಬರುತ್ತಿತ್ತು.

ಮಧ್ಯಾಹ್ನ ಮನೆಗೆ ಬಂದಾಗ ಅಮ್ಮ ಅಪ್ಪನ ಅಂಗಿಯನ್ನು ಒಗೆಯಲು ಬಕೆಟ್ಟಿಗೆ ಹಾಕಿದಳು. ಎಂಜಿನ್ನಿನ ವೇಷದ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ. ಸ್ವಲ್ಪ ಹೊತ್ತಿಗೆ ಬಚ್ಚಲಿನಿಂದ ಕೂಗಿದಳು: "ರೀ, ಮತ್ತೆ ಶುರುವಾಯ್ತಾ ನಿಮ್ದು? ಕಾಲರ್ ನೋಡಿ, ಒಂದ್ ಬಾರ್ ಸೋಪ್ ಬೇಕು ಇದಕ್ಕೆ!"

ಓಡಿ ಹೋಗಿ ನೋಡಿದೆ. ಬಕೆಟ್ಟಿನ ನೀರು ಮಸಿಯಾಗಿತ್ತು. ನನ್ನ ಅಂಗಿ ಬಿಚ್ಚಿ ಬೆಳಕಿಗೆ ಹಿಡಿದೆ. ಒಂದು ಚುಕ್ಕೆಯೂ ಇಲ್ಲ. ಒಂದೇ ಸೀಟಿನಲ್ಲಿ, ಒಂದೇ ಕಿಟಕಿಯ ಪಕ್ಕ ಕೂತು ಬಂದವರು ನಾವು. ಇದಕ್ಕೆ ಕಾರಣ ನನಗೆ ಗೊತ್ತಿಲ್ಲ, ನಿಮಗೆ ಹೊಳೆದರೆ ದಯವಿಟ್ಟು ತಿಳಿಸಿ. ನನಗೆ ಗೊತ್ತಿರುವುದು ಇಷ್ಟೇ: ಅಮ್ಮ ಬಯ್ಯುತ್ತ ಬಯ್ಯುತ್ತ ನಗುತ್ತಿದ್ದಳು, ಒಳಗಿನಿಂದ ಅಪ್ಪ ಗಟ್ಟಿಯಾಗಿ ಕೂಗುತ್ತಿದ್ದರು, "ಆಮೇಲ್ ಒಗಿಯೇ, ಹೊಟ್ಟೆ ಹಸೀತಿದೆ!"