ಅಮ್ಮನ ಅಯೋಡಿನ್, ಪಕ್ಕದ ಮನೆಯ ಬಾವಿ

ಥೈರಾಯ್ಡ್ ಶಸ್ತ್ರಚಿಕಿತ್ಸೆಯ ನಂತರ ಅಮ್ಮನಿಗೆ ಮಣಿಪಾಲದಲ್ಲಿ ವಿಕಿರಣ ಸೂಸುವ ಅಯೋಡಿನ್ ಕೊಟ್ಟರು. ಕಾಪುವಿನ ಮನೆಗೆ ಬಂದ ಮೇಲೂ ಕೆಲವು ದಿನ ಬೇರೆ ಮಲಗಬೇಕು, ಗರ್ಭಿಣಿಯರಿಂದ ದೂರವಿರಬೇಕು, ಧಾರಾಳ ನೀರು ಕುಡಿಯಬೇಕು ಎಂದು ಚೀಟಿಯಲ್ಲಿತ್ತು.

"ಮುಟ್ಟು ನಿಂತು ಇಷ್ಟು ವರ್ಷದ ಮೇಲೆ ಪುನಃ ಹೊರಗೆ ಕೂತ ಹಾಗಾಯ್ತು," ಎಂದು ಅಮ್ಮ ಜಗಲಿಯ ಕೋಣೆಯಿಂದ ನಕ್ಕಳು.

ಆದರೆ ಮರುದಿನ ಅವಳು ನೀರು ಕುಡಿಯುವುದನ್ನೇ ಬಿಟ್ಟಂತಿದ್ದಳು. ಯಾಕೆಂದು ಕೇಳಿದೆ.

"ಕುಡಿದದ್ದು ಹೋಗುವುದು ಕಕ್ಕಸು ಗುಂಡಿಗೆ. ಅಲ್ಲಿಂದ? ಪಕ್ಕದವರ ಬಾವಿ ಹತ್ತಿರವೇ ಉಂಟಲ್ವಾ?"

ಪಕ್ಕದ ಬ್ಯಾರಿ ಮನೆಯ ಸೊಸೆ ಐದು ತಿಂಗಳ ಬಸುರಿ.

ಇಂಥ ವಿಕಿರಣ ವಸ್ತುಗಳು ಮಣ್ಣಿನೊಳಗೆ ಹೇಗೆ ಸಾಗುತ್ತವೆ ಎಂಬುದೇ ನನ್ನ ಸಂಶೋಧನೆ. ಪಾಠದಂತೆ ಹೇಳಿಬಿಟ್ಟೆ: ಸೀಸಿಯಂ ಜೇಡಿಮಣ್ಣಿಗೆ ಅಂಟಿ ನಿಲ್ಲುತ್ತದೆ, ಅಯೋಡಿನ್ ಹೆಚ್ಚಾಗಿ ನೀರಿನ ಜೊತೆಗೇ ಹೋಗುತ್ತದೆ.

"ನನಗೆ ಕೊಟ್ಟದ್ದು ಯಾವುದು?"

"ಅಯೋಡಿನ್," ಎಂದೆ. ಅಮ್ಮ ಲೋಟ ಕೆಳಗಿಟ್ಟಳು.

ಟೇಪು ಹಿಡಿದು ಗುಂಡಿಯಿಂದ ಆ ಬಾವಿಯವರೆಗೆ ಅಳೆದೆ. ಈ ಅಯೋಡಿನ್ನಿನ ವಿಕಿರಣ ಎಂಟು ದಿನಕ್ಕೆ ಅರ್ಧ, ಇನ್ನೆಂಟು ದಿನಕ್ಕೆ ಅದರ ಅರ್ಧ. ಮಣ್ಣಿನಲ್ಲಿ ನೀರು ಅಷ್ಟು ದೂರ ನಡೆಯುವಷ್ಟರಲ್ಲಿ ಭಯಪಡುವಂಥದ್ದು ಉಳಿಯದು. ಪ್ರಯೋಗಾಲಯದ ಕೊಳವೆಯಲ್ಲಿ ಮಣ್ಣನ್ನು ನಾನೇ ಜರಡಿ ಹಿಡಿದು ತುಂಬುತ್ತೇನೆ. ಆದರೆ ನಮ್ಮ ಹಿತ್ತಲಿನ ಕೆಂಪು ಮುರಕಲ್ಲಿನ ತೂತುಗಳನ್ನು ಯಾರೂ ತುಂಬಿದ್ದಲ್ಲ; ಅವುಗಳೊಳಗೆ ನೀರು ಎಷ್ಟು ಬೇಗ ಓಡುತ್ತದೋ ಹೇಳಲಾಗದು. ಆಸ್ಪತ್ರೆಗೆ ಫೋನು ಮಾಡಿದೆ. ಬಾವಿಯ ಚಿಂತೆ ಬೇಡ, ನೀರು ಕುಡಿಸಿ ಎಂದರು.

"ನಿನಗೆ ಸಮಾಧಾನ ಆಯ್ತು. ಆ ಹುಡುಗಿಗೆ ಗೊತ್ತೇ ಇಲ್ವಲ್ಲ," ಎಂದಳು ಅಮ್ಮ.

ಶಸ್ತ್ರಚಿಕಿತ್ಸೆಯ ವಿಷಯ ಅವರಿಗೆ ತಿಳಿದಿತ್ತು. ವಿಕಿರಣದ ಮಾತು ಮನೆ ದಾಟುವುದು ಬೇಡವೆಂದು ಹಟ ಹಿಡಿದವಳು ನಾನು. ಅವಳು ಅಯೋಡಿನ್‌ಗಾಗಿ ಮಣಿಪಾಲದಲ್ಲಿದ್ದಾಗ, ಅಮ್ಮ ಕಾರ್ಕಳದ ಚಿಕ್ಕಮ್ಮನ ಮನೆಗೆ ಹೋಗಿದ್ದಾಳೆ ಎಂದು ಸುಳ್ಳು ಹೇಳಿದ್ದೆ.

ಸಂಜೆ ಅಮ್ಮ ಅಂಗಳದ ನಡುವೆ ನಿಂತು, ಪಾಗಾರದ ಗೋಡೆಯಾಚೆ ನಿಂತಿದ್ದ ಆ ಸೊಸೆಯ ಅತ್ತೆಗೆ ಎಲ್ಲ ಹೇಳಿದಳು. ಆಕೆ ಪಾಗಾರಕ್ಕೆ ಒರಗಿದರು.

"ದೂರ, ದೂರ ನಿಲ್ಲಿ!" ಅಮ್ಮ ಹಿಂದೆ ಸರಿದಳು.

"ನಾನೆಂತ ಬಸುರಿಯಾ? ಕಾರ್ಕಳದಿಂದ ಬಂದ ಮೇಲೆ ನೀವು ಮಾತೇ ಬಿಟ್ರಿ ಅಕ್ಕ, ಏನೋ ಕೋಪ ಅಂತ ನಾನು ಗ್ರಹಿಸಿದ್ದು." ನನ್ನತ್ತ ಒಮ್ಮೆ ನೋಡಿದರು. "ಸೊಸೆಗೆ ಒಂದು ತಿಂಗಳು ನಳ್ಳಿ ನೀರೇ ಕೊಡ್ತೇನೆ. ಅದು ನಿಮ್ಮ ಸಮಾಧಾನಕ್ಕೆ. ನೀವು ಮೊದಲು ಕುಡೀರಿ ಮಾರಾಯ್ರೆ, ತುಟಿ ಒಣಗಿದೆ."

ನಾನು ಚೊಂಬು ತುಂಬಿಸಿ ತಂದು ಮೆಟ್ಟಿಲ ಮೇಲಿಟ್ಟೆ. ಆಕೆ ನೋಡುತ್ತಿದ್ದಂತೆಯೇ ಅಮ್ಮ ಅದನ್ನೆತ್ತಿ, ಉಸಿರು ಬಿಡದೆ ಕುಡಿದಳು. ನಂತರ ಇನ್ನೊಂದು ಕೇಳಿದಳು.