ಅಪ್ಪನ ಗಡ್ಡ ಮತ್ತು ಎದುರಂಗಡಿಯ ಮಾಮ

ಹೋದ ತಿಂಗಳು ಮಗ ಆನ್‌ಲೈನಿನಲ್ಲಿ ಒಂದು ಡಬ್ಬ ತರಿಸಿಕೊಂಡ. ಬಿಚ್ಚಿದರೆ ಹಳೇ ಕಾಲದ ಸೇಫ್ಟಿ ರೇಜರ್, ಒಂದು ಬ್ರಷ್ಷು, ಬಟ್ಟಲಿನಲ್ಲಿ ಸೋಪು, ಪಟಿಕದ ಒಂದು ತುಂಡು. 'ಈಗ ಇದೇ ಟ್ರೆಂಡ್ ಅಮ್ಮ' ಎಂದ. ಫೋನನ್ನು ಬಚ್ಚಲುಮನೆಯ ಕಿಟಕಿಗೆ ಒರಗಿಸಿ, ಅದರಲ್ಲಿ ಯಾವನೋ ಹೇಳಿಕೊಡುವುದನ್ನು ನೋಡುತ್ತಾ ಕೆನ್ನೆಗೆಲ್ಲ ನೊರೆ ಬಳಿದುಕೊಂಡು ನಿಂತಿದ್ದ. ನಾನು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದೆ. ಬಿಸಿನೀರಿನ ಹಬೆಯ ಜೊತೆಗೆ ಒದ್ದೆಯಾದ ಪಟಿಕದ ವಾಸನೆ ಬಂತು. ಪಟಿಕಕ್ಕೆ ವಾಸನೆಯೇ ಇಲ್ಲ ಅನ್ನುವವರಿದ್ದಾರೆ. ಅವರು ಅದನ್ನು ನೆನೆಸಿ ಮೂಸಿಲ್ಲ, ಅಷ್ಟೆ. ಮಳೆ ನಿಂತ ಮೇಲೆ ಹೊಳೆಯ ಮೆಟ್ಟಿಲುಗಳಿಂದ ಬರುತ್ತದಲ್ಲ, ಅಂಥದ್ದೊಂದು ತಣ್ಣನೆಯ ವಾಸನೆ ಅದು. ಕೈಯಲ್ಲಿದ್ದ ದಂಟು ಕೈಯಲ್ಲೇ ಉಳಿಯಿತು...

ತೊಂಬತ್ತರ ದಶಕದ ನಡುವಿನ ಮಾತು. ನಂಜನಗೂಡಿನ ನಮ್ಮ ಬೀದಿ ಎಷ್ಟು ಕಿರಿದೆಂದರೆ, ನಮ್ಮ ಜಗಲಿಯ ಮೇಲೆ ಕೂತವರು ಎದುರಿನ ಕ್ಷೌರದಂಗಡಿಯ ಕನ್ನಡಿಯಲ್ಲಿ ತಮ್ಮ ಮುಖ ನೋಡಿಕೊಳ್ಳಬಹುದಿತ್ತು. ಅಂಗಡಿಯವರನ್ನು ಬೀದಿಯ ಮಕ್ಕಳೆಲ್ಲ ಮಾಮ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ, ದೊಡ್ಡವಳಾದ ಮೇಲೂ ಬಿಡಲಿಲ್ಲ. ಆಗ ಅವರಿಗೆ ಐವತ್ತರ ಆಸುಪಾಸು. ಸಣ್ಣಗಿನ ಆಳು, ಕಿವಿಯ ಸಂದಿಯಲ್ಲಿ ಸದಾ ಒಂದು ಬಾಚಣಿಗೆ. ಕ್ಷೌರದವರಿಗೆ ಬಾಯಿ ಜಾಸ್ತಿ ಅನ್ನುವ ಮಾತು ಅವರ ವಿಷಯದಲ್ಲಿ ಶುದ್ಧ ಸುಳ್ಳು. ಆ ಅಂಗಡಿಯಲ್ಲಿ ಮಾತಾಡುತ್ತಿದ್ದದ್ದು ಗಿರಾಕಿಗಳು ಮತ್ತು ರೇಡಿಯೊ. ಮಾಮ ಕತ್ತರಿಯನ್ನಷ್ಟೇ ಮಾತಾಡಿಸುತ್ತಿದ್ದರು.

ನಮ್ಮಪ್ಪ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವರು. ಬೆಳಗಿನ ಜಾವ ಎದ್ದು, ಹಿತ್ತಲಿನ ಗೋಡೆಯ ಕನ್ನಡಿಯ ಮುಂದೆ ತಮ್ಮ ರೇಜರಿನಿಂದ ತಾವೇ ಗಡ್ಡ ತೆಗೆದು, ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು ಡ್ಯೂಟಿಗೆ ಹೊರಟರೆ ಬೀದಿಯವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಹುಡುಗನಾಗಿದ್ದಾಗ ಅವರ ಹುಟ್ಟೂರು ಹೆಮ್ಮರಗಾಲದಲ್ಲಿ ಎಲ್ಲರಿಗೂ ಒಂದೇ ಕತ್ತಿಯಂತೆ. ಅದರಿಂದ ಮುಖವೆಲ್ಲ ಹುಣ್ಣಾಗಿ ಎರಡು ತಿಂಗಳು ನರಳಿದ್ದರಂತೆ. ಅಂದಿನಿಂದ ತಮ್ಮ ಮುಖಕ್ಕೆ ತಮ್ಮ ಕೈಯೇ ಎಂದು ಹಟ ಹಿಡಿದವರು. ತಲೆಕೂದಲಿಗೆ ಮಾಮನ ಅಂಗಡಿ, ಗಡ್ಡಕ್ಕೆ ಮಾತ್ರ ತಾವೇ. ಇಪ್ಪತ್ತು ವರ್ಷ ಎದುರುಬದುರು ಇದ್ದೂ ಮಾಮನ ಕತ್ತಿ ಅಪ್ಪನ ಕೆನ್ನೆ ಕಂಡಿರಲಿಲ್ಲ.

ರಿಟೈರಾದ ವರ್ಷವೇ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಬಾಯಿಯೂ ಒಂದು ಕಡೆ ಸೊಟ್ಟಗಾಗಿ ಮಾತು ತೊದಲುತ್ತಿತ್ತು. ಮೈಸೂರಿನ ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ಒಂದೇ ಮಾತು ಹೇಳಿದ್ದರು: ದಿನಾ ನಡೆಸಬೇಕು, ಮೂರು ತಿಂಗಳೊಳಗೆ ಬಂದರೆ ಕಾಲು ಬಂತು, ಆಮೇಲೆ ಆಸೆ ಇಟ್ಟುಕೊಳ್ಳಬೇಡಿ. ಅಪ್ಪ ಕೋಣೆ ಬಿಟ್ಟು ಹೊರಗೆ ಬಂದರೆ ತಾನೆ! ಕಾಲೆಳೆಯುವುದು ಅವರಿಗೆ ನಾಚಿಕೆ ಅನ್ನಿಸಲಿಲ್ಲ, ಗಡ್ಡ ಅನ್ನಿಸಿತು. ಎಡಗೈಯಲ್ಲಿ ರೇಜರ್ ಹಿಡಿಯಲು ನೋಡಿ, ಗಲ್ಲದ ಮೇಲೆ ಮೂರು ಕಡೆ ಕೊಯ್ದುಕೊಂಡು, ಅದನ್ನು ನೆಲಕ್ಕೆ ಬಿಸಾಡಿದರು. ತಿಂಗಳು ಕಳೆಯುವುದರೊಳಗೆ ಮುಖ ಬೆಳ್ಳಗೆ ಮುಚ್ಚಿಹೋಯಿತು. 'ಈ ಮೋರೆ ಇಟ್ಕಂಡು ಬೀದೀಗ್ ಬರ್ನಾ?' ಎಂದು ತೊದಲಿದ್ದು ಈಗಲೂ ಕಿವಿಯಲ್ಲಿದೆ.

ಒಂದು ದಿನ ಮಾಮ ಕರೆಯದೆಯೇ ಪೆಟ್ಟಿಗೆ ಹಿಡಿದು ಬಂದರು. ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿಬಿಟ್ಟರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಮಾಮ ಪೆಟ್ಟಿಗೆ ಬಿಚ್ಚದೆ ಬಾಗಿಲಿನಿಂದಲೇ ಹೊರಟುಹೋದರು. ಮಾರನೆಯ ದಿನ ಸಂಜೆ ನಾನು ಜಗಲಿ ಗುಡಿಸುವಾಗ ರಸ್ತೆ ದಾಟಿ ಬಂದರು.

'ಅವ್ರ ಕೈ ಬಿಟ್ರೆ ಅವ್ರ ರಕ್ತದ ಕೈ ಆಗ್ಬೌದು. ನೀನೇ ಮಾಡವ್ವ. ನಾ ಯೇಳ್ಕೊಡ್ತೀನಿ.'

ಅಮ್ಮನಿಗೆ ಜೀವ ಬಾಯಿಗೆ ಬಂತು. ಆಗ ನನಗೆ ಇಪ್ಪತ್ನಾಲ್ಕು, ಶಿಶುವಿಹಾರದಲ್ಲಿ ಮಕ್ಕಳಿಗೆ ಅಆಇಈ ಹೇಳಿಕೊಡುತ್ತಿದ್ದೆ, ಮನೆಯಲ್ಲಿ ಗಂಡು ನೋಡುತ್ತಿದ್ದರು. 'ಹೆಣ್ಮಕ್ಳು ಗಡ್ಡ ಕೆರೀತಾರೆ ಅಂದ್ರೆ ಗಂಡಿನ ಕಡೆಯೋರು ಏನಂದ್ಕತಾರೆ?' ಎಂದು ಗೋಳಾಡಿದಳು. ತಾನೇ ಮಾಡೋಣವೆಂದರೆ ಅವಳಿಗೆ ರಕ್ತ ಕಂಡರೆ ಕಣ್ಣು ಕತ್ತಲೆ ಬರುತ್ತಿತ್ತು. ನಾನೇನು ಧೈರ್ಯವಂತೆಯಲ್ಲ. ಆದರೆ ಮೂರು ತಿಂಗಳಲ್ಲಿ ಒಂದು ಆಗಲೇ ಕಳೆದಿತ್ತು.

ಪಾಠ ಶುರುವಾದದ್ದು ಮಂಗಳವಾರ, ಅಂಗಡಿಗೆ ರಜೆಯ ದಿನ. ಹೆಂಗಸರು ಕ್ಷೌರದಂಗಡಿಯ ಒಳಗೆ ಹೋಗುವಂತಿರಲಿಲ್ಲವಲ್ಲ, ಅದಕ್ಕೆ ಮಾಮನೇ ಹಿಂದಿನ ಓಣಿಯಿಂದ ನಮ್ಮ ಹಿತ್ತಲಿಗೆ ಬಂದರು. ಮಂಗಳವಾರ ಯಾರಿಗೂ ಕ್ಷೌರ ಮಾಡಬಾರದು ಎಂದು ಅಮ್ಮ ತಡೆದಳು. ಮಾಮ ಬಚ್ಚಲುಮನೆಯ ಸೂರಿನ ಮೇಲೆ ಹಬ್ಬಿದ್ದ ಬೂದುಗುಂಬಳದ ಬಳ್ಳಿಯಿಂದ ಎಳೆಯದೊಂದು ಕಾಯಿ ಕಿತ್ತರು. ಎಳೇ ಬೂದುಗುಂಬಳದ ಮೈತುಂಬ ಸಣ್ಣ ಬಿರುಸು ಕೂದಲಿರುತ್ತದೆ, ಮುಟ್ಟಿದರೆ ಕೈಗೆ ಚುಚ್ಚುತ್ತದೆ.

'ಮನುಸ್ರಿಗೆ ತಾನೆ ಮಂಗ್ಳಾರ? ಕಾಯ್ಗೆ ವಾರನೂ ಇಲ್ಲ, ತಿಥೀನೂ ಇಲ್ಲ' ಎಂದು ಅದನ್ನು ನನ್ನ ಮಡಿಲಲ್ಲಿಟ್ಟರು.

ಆ ಹಿತ್ತಲನ್ನು ಈಗ ನೆನೆದರೆ ಎಲ್ಲವೂ ಹಬೆಯೊಳಗಿಂದ ಕಂಡಂತೆ ಕಾಣುತ್ತದೆ. ಒಲೆಯ ಮೇಲೆ ಹಂಡೆ, ಎಲೆಗಳ ಸಂದಿಯಿಂದ ನೆಲಕ್ಕೆ ಚೆಲ್ಲಿದ ಬೆಳಗಿನ ಬಿಸಿಲು, ಎಲ್ಲೋ ದೂರದಲ್ಲಿ ಗುಡಿಯ ಗಂಟೆ... ಅದರ ನಡುವೆ ಮಡಿಲಲ್ಲಿ ಕುಂಬಳಕಾಯಿ ಇಟ್ಟುಕೊಂಡು ಅದಕ್ಕೆ ಬಿಸಿನೀರಿನ ಬಟ್ಟೆ ಸುತ್ತಿ, ಬ್ರಷ್ಷನ್ನು ಸುತ್ತಿಸಿ ಸುತ್ತಿಸಿ ನೊರೆ ಹಚ್ಚುತ್ತಿದ್ದ ನಾನು. ನೊರೆ ತೆಳ್ಳಗಾದರೆ ಮಾಮ ತಲೆಯಾಡಿಸುತ್ತಿದ್ದರು, ಮತ್ತೆ ಮೊದಲಿನಿಂದ. ಅಪ್ಪನ ರೇಜರಿನ ಮುಚ್ಚಳ ತಿರುಗಿಸಿ, ಬ್ಲೇಡನ್ನು ಅಂಚು ಮುಟ್ಟದೆ ಕೂರಿಸುವುದಕ್ಕೇ ಅರ್ಧ ಗಂಟೆ ಹಿಡಿಯಿತು. ನಾನು ಹೆದರಿ ಒತ್ತಿ ಒತ್ತಿ ಎಳೆಯುತ್ತಿದ್ದೆ. ಕಾಯಿಯ ಮೈ ಸೀಳಿ ನೀರು ಜಿನುಗುತ್ತಿತ್ತು.

'ಒತ್ಬ್ಯಾಡ ಕಣವ್ವ. ಅದ್ರ ಭಾರವೇ ಸಾಕು. ನೀ ದಾರಿ ತೋರ್ಸು, ಅದೇ ಓಯ್ತದೆ.'

ರೇಜರನ್ನು ಎಷ್ಟು ಓರೆ ಹಿಡಿಯಬೇಕೆಂದು ಅವರು ಕಣ್ಣಿಗೆ ಕಲಿಸಲಿಲ್ಲ, ಕಿವಿಗೆ ಕಲಿಸಿದರು. ಸರಿಯಾಗಿ ಹಿಡಿದರೆ ಸಣ್ಣಗೆ ಚರಚರ ಅನ್ನುತ್ತದೆ, ತಪ್ಪಾಗಿ ಹಿಡಿದರೆ ಮಾತೇ ಆಡುವುದಿಲ್ಲ. ಎರಡು ಮಂಗಳವಾರ, ನಾಲ್ಕು ಕಾಯಿ. ಆ ಹದಿನೈದು ದಿನ ನಮ್ಮ ಮನೆಯಲ್ಲಿ, ನುಣ್ಣಗೆ ಕ್ಷೌರ ಮಾಡಿಸಿಕೊಂಡ ಬೂದುಗುಂಬಳದ ಮಜ್ಜಿಗೆಹುಳಿಯೇ ಮಜ್ಜಿಗೆಹುಳಿ. ಎಷ್ಟು ತೊಳೆದರೂ ಸೋಪಿನ ವಾಸನೆ ಎಂದು ಅಮ್ಮ ಮೂಗು ಮುರಿಯುತ್ತಲೇ ಬಡಿಸುತ್ತಿದ್ದಳು.

ಕಾಯಿ ಗೆದ್ದ ಮೇಲೂ ಮಾಮ ರೇಜರ್ ಹಿಡಿಯಲು ಬಿಡಲಿಲ್ಲ. ಮೂರು ದಿನ ಬರೀ ಬಿಸಿನೀರಿನ ಬಟ್ಟೆಯಿಂದ ಅಪ್ಪನ ಮುಖ ಒರೆಸು, ಕೂದಲು ಯಾವ ಕಡೆಗೆ ಮಲಗಿದೆ ಅಂತ ಬೆರಳಿಗೆ ಗೊತ್ತಾಗಲಿ ಎಂದರು. ತಂದೆಯ ಮುಖವನ್ನು ನಾನು ಮುಟ್ಟಿ ಎಷ್ಟು ವರ್ಷವಾಗಿತ್ತೋ. ಚಿಕ್ಕವಳಿದ್ದಾಗ ಹೆಗಲ ಮೇಲೆ ಕೂತು ಕಿವಿ ಹಿಡಿದಿದ್ದೆನಷ್ಟೆ. ಕೆನ್ನೆಯ ಮೇಲೆ ಕೂದಲು ಕೆಳಮುಖ, ಕುತ್ತಿಗೆಯ ಎಡಗಡೆ ಅಡ್ಡಕ್ಕೆ, ಗಂಟಲ ಗುಳಿಯ ಹತ್ತಿರ ಒಂದು ಸುಳಿ. ಅಪ್ಪ ಕಣ್ಣು ಮುಚ್ಚಿಕೊಂಡಿರುತ್ತಿದ್ದರು. ಮೂರನೆಯ ದಿನ ಮುಚ್ಚಿದ ಕಣ್ಣಿನ ತುದಿಯಲ್ಲಿ ನೀರಿತ್ತು. ಬಟ್ಟೆಯದಿರಬಹುದು ಎಂದುಕೊಂಡು ಒರೆಸಿದೆ.

ಮರುದಿನ ಬೆಳಿಗ್ಗೆ ಶುರುಮಾಡಿದೆ. ಎಡಗೆನ್ನೆ ಚೆನ್ನಾಗಿಯೇ ಆಯಿತು. ಬಲಗೆನ್ನೆ ಜೋತುಬಿದ್ದಿತ್ತಲ್ಲ, ಅದನ್ನು ಬಿಗಿಯಾಗಿ ಎಳೆದು ಹಿಡಿಯುವುದು ಮರೆತೆ. ಬಿಳೀ ನೊರೆಯಲ್ಲಿ ಕೆಂಪು ಗೆರೆಯೊಂದು ಮೂಡಿ, ಇಳಿದು, ಬನಿಯನ್ನಿನ ಮೇಲೆ ತೊಟ್ಟಿಕ್ಕಿತು. ಅಪ್ಪ ಅಲುಗಲಿಲ್ಲ. ಅವರಿಗೆ ಗೊತ್ತೇ ಆಗಿರಲಿಲ್ಲ. ಕೊಯ್ದದ್ದಕ್ಕಿಂತ, ಕೊಯ್ದದ್ದು ಅವರಿಗೆ ತಿಳಿಯಲಿಲ್ಲವಲ್ಲ, ಅದಕ್ಕೇ ನಾನು ಬೆವೆತುಹೋದೆ. ರೇಜರ್ ಅಲ್ಲೇ ಬಿಟ್ಟು, ಸೆರಗಿನ ತುಂಬ ನೊರೆಯೊಂದಿಗೆ ರಸ್ತೆಗೆ ಓಡಿದೆ.

ಮಾಮ ಯಾರಿಗೋ ಅರ್ಧ ಗಡ್ಡ ತೆಗೆದಿದ್ದರು. ಅವನನ್ನು ಹಾಗೆಯೇ ಕುರ್ಚಿಯಲ್ಲಿ ಬಿಟ್ಟು ಪಟಿಕದ ಕಲ್ಲು ಹಿಡಿದು ಓಡಿಬಂದರು. ಬಂದವರು ಕೋಣೆಯ ಹೊಸಿಲಿನಲ್ಲಿ ಗಕ್ಕನೆ ನಿಂತರು. ಹಿಂದೊಮ್ಮೆ ಮುಖ ತಿರುಗಿಸಿದ್ದ ಮನುಷ್ಯ ಒಳಗೆ ಕೂತಿದ್ದಾರೆ. ಮಾಮ ಕಲ್ಲನ್ನು ನನ್ನ ಕೈಗೆ ಕೊಟ್ಟು, ಅಲ್ಲಿಂದಲೇ ಹೇಳಿದರು: 'ಒದ್ದೆ ಮಾಡಿ ಒತ್ತಿ ಇಡ್ಕೊ. ಇಪ್ಪತ್ತು ಎಣ್ಸು.' ನಾನು ಎಣಿಸಿದೆ. ಎಣಿಕೆ ಹದಿನಾಲ್ಕಾದ ಮೇಲೆ ಮತ್ತೆ ಹನ್ನೆರಡಕ್ಕೆ ಹೋಯಿತು. ಅಪ್ಪ ನನ್ನನ್ನು ನೋಡಿದರು, ಹೊಸಿಲಿನಲ್ಲಿ ನಿಂತವರನ್ನು ನೋಡಿದರು. ಆಮೇಲೆ, ಸೊಟ್ಟ ಬಾಯಿಯಲ್ಲೇ ನಗುತ್ತಾ ಹೇಳಿದರು:

'ಒಳಿಕ್ ಬಾರಯ್ಯ. ಇವ್ಳು ಕತ್ತು ಕುಯ್ದಾಳು.'

ಮಾಮ ಒಳಗೆ ಬಂದು ಗೋಡೆಗೊರಗಿ ಕೂತರು. ಉಳಿದರ್ಧ ಕೆನ್ನೆ ನಾನು ಮುಗಿಸುವ ತನಕ ಕಣ್ಣು ಮುಚ್ಚಿ ಬರೀ ಸದ್ದು ಕೇಳುತ್ತಿದ್ದರು. ಅಪ್ಪನ ಕೈಗೆ ಕನ್ನಡಿ ಕೊಟ್ಟೆವು. ಅಲ್ಲಲ್ಲಿ ಕೂದಲು ಉಳಿದಿತ್ತು, ಗಲ್ಲದ ಕೆಳಗೆ ಚೂರು ಕೆಂಪಗಾಗಿತ್ತು. ಆದರೂ ಅದು ನಮ್ಮ ಕಂಟ್ರೋಲರ್ ಅಪ್ಪನ ಮುಖವೇ. ಆ ಸಂಜೆ ಅವರು ನನ್ನ ಹೆಗಲು ಹಿಡಿದು, ಕಾಲೆಳೆಯುತ್ತಾ ರಸ್ತೆ ದಾಟಿ ಮಾಮನ ಅಂಗಡಿಯ ಮುಂದಿನ ಬೆಂಚಿನ ಮೇಲೆ ಹೋಗಿ ಕೂತರು. ಹದಿನೈದು ಹೆಜ್ಜೆಗೆ ಕಾಲು ಗಂಟೆ. ಅಂಗಡಿಯಲ್ಲಿದ್ದವರೆಲ್ಲ ಎದ್ದು ನಿಂತರು. ನನಗೆ ಅಳು ಬಂತು, ಅತ್ತುಬಿಟ್ಟೆ.

ಕಾಲು ಪೂರ್ತಿ ಬರಲಿಲ್ಲ. ಆದರೆ ಕೋಲು ಹಿಡಿದು ಹೊಳೆಯ ತನಕ ಹೋಗಿಬರುವಷ್ಟು ಬಂತು. ಆಮೇಲಿನ ಮೂರು ವರ್ಷ, ದಿನಾ ಬೆಳಿಗ್ಗೆ ನಾನು ಗಡ್ಡ ತೆಗೆಯುವುದು, ಅಪ್ಪ ಎದುರಿನ ಬೆಂಚಿನಲ್ಲಿ ಪೇಪರು ಓದುವುದು, ಮಾಮ ಓರೆಗಣ್ಣಿನಲ್ಲಿ ನನ್ನ ಕೆಲಸ ಪರೀಕ್ಷೆ ಮಾಡಿ 'ಇವತ್ತು ಕಿವಿ ತಾವ ಬುಟ್ಬುಟ್ಟಿದ್ದೀಯ' ಎಂದು ರಸ್ತೆಯ ಆಚೆಯಿಂದ ಕೂಗುವುದು... ದಿನಗಳು ಹಾಗೆ ತೇಲಿಹೋದವು.

ಅಪ್ಪ ಹೋದ ದಿನ ಬೆಳಿಗ್ಗೆ, ಸ್ನಾನ ಮಾಡಿಸುವ ಮುಂಚೆ ಗಡ್ಡ ತೆಗೆಯಬೇಕಿತ್ತು. ಸಾವಿರ ಸಲ ತೆಗೆದವಳು ನಾನು. ಆದರೂ ಅಂದು ಬ್ರಷ್ಷು ಹಿಡಿದ ಕೈ ಮೇಲೇಳಲೇ ಇಲ್ಲ. ಮಾಮ ಬಂದು ನನ್ನ ಕೈಯಿಂದ ಅದನ್ನು ತೆಗೆದುಕೊಂಡರು. ಅಪ್ಪನ ಪಕ್ಕದಲ್ಲಿ ಕೂತು, ಬದುಕಿರುವವರ ಹತ್ತಿರ ಹೇಳುವಂತೆ ಹೇಳಿದರು: 'ಕಂಟ್ರೋಲರ್ ಸಾ, ಇದೊಂದ್ಸಲ ನಾನ್ ಮಾಡ್ತೀನಿ. ಬೇಜಾರ್ ಮಾಡ್ಕೊಬ್ಯಾಡಿ.' ನಾನು ಬಿಸಿನೀರಿನ ಬಟ್ಟಲು ಹಿಡಿದು ನಿಂತಿದ್ದೆ. ಗಂಟಲಿನ ಹತ್ತಿರದ ಸುಳಿಯನ್ನು ನಾನು ತೋರಿಸಬೇಕಾಗಲಿಲ್ಲ, ಅವರ ಬೆರಳಿಗೇ ಸಿಕ್ಕಿತು.

ಮರುವರ್ಷ ನನಗೆ ಮದುವೆಯಾಗಿ ಟಿ. ನರಸೀಪುರಕ್ಕೆ ಬಂದೆ. ಅಮ್ಮನನ್ನೂ ಕರೆದುಕೊಂಡು ಬಂದೆವು. ನಂಜನಗೂಡಿನ ಬಾಡಿಗೆ ಮನೆ ಖಾಲಿಯಾಯಿತು. ಸಾಮಾನಿನ ಲಾರಿಯಲ್ಲಿ ಕೂತಾಗ ಮಾಮ ಅಂಗಡಿಯ ಬಾಗಿಲಲ್ಲಿ ನಿಂತು ಕತ್ತರಿ ಹಿಡಿದ ಕೈಯನ್ನೇ ಎತ್ತಿದ್ದರು. ಹೋದ ಮೇಲೆ ಬರುತ್ತಿರುತ್ತೇನೆ ಎಂದು ಹೇಳಿದ್ದೆ. ಇಲ್ಲಿ ಸ್ಕೂಲು, ಮಗು, ಅಮ್ಮನ ಕಣ್ಣಿನ ಆಪರೇಷನ್ನು... ಹೇಳುತ್ತಾ ಹೋದರೆ ನೆವಗಳಿಗೇನು ಬರ.

ಎಂಟೊಂಬತ್ತು ವರ್ಷದ ಮೇಲೆ ಒಂದು ಸೋಮವಾರ ಗುಡಿಗೆಂದು ಹೋದವಳಿಗೆ, ಹಣ್ಣುಕಾಯಿ ಅಂಗಡಿಯ ಹತ್ತಿರ ಮಾಮನ ಹೆಂಡತಿ ಸಿಕ್ಕಿದರು. ಕೊರಳು ಬರಿದಾಗಿತ್ತು. ಅವರ ಕೈ ಹಿಡಿದುಕೊಂಡೆ. ಅವರೇ ಹೇಳಿದರು.

'ಕೈ ನಡುಗೋ ಕಾಯ್ಲೆ ಬಂತು ಕಣವ್ವ. ಅಂಗ್ಡಿ ಮುಚ್ಚುದ್ರು. ಗಡ್ಡ ಎದೆಗಂಟ ಬಂದ್ರೂ ಯಾರ್ಗೂ ಮುಟ್ಟಕ್ಕೆ ಬುಡ್ನಿಲ್ಲ. ಬೀದೀಗೂ ಬರ್ತಿರ್ನಿಲ್ಲ. ಕಂಟ್ರೋಲರ್ ಮಗ್ಳು ಬರ್ಲಿ, ಅವ್ಳ ಕೈಲಿ ಮಾಡುಸ್ಕತೀನಿ ಅಂತಿದ್ರು. ಯೋಳ್ಕಳುಸ್ನಾ ಅಂದ್ರೆ, ಬ್ಯಾಡ, ಮದ್ವೆಯಾದ್ ಎಣ್ಣು, ಅತ್ತೆ ಮನೇಲಿ ಏನಂದ್ಕತಾರೋ ಅನ್ನೋರು.'

ಎಷ್ಟು ದಿನ ಹಾಗಿದ್ದರು ಎಂದು ಕೇಳಿದೆ. ಒಂದೂವರೆ ವರ್ಷ ಎಂದರು.

ಈಗ ಆ ಅಂಗಡಿಯ ಜಾಗದಲ್ಲಿ ಮೊಬೈಲ್ ರಿಪೇರಿಯವನಿದ್ದಾನೆ. ಟಿ. ನರಸೀಪುರದಿಂದ ನಂಜನಗೂಡಿಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಹೇಳಿಕಳಿಸಿದ್ದರೆ ಖಂಡಿತ ಹೋಗುತ್ತಿದ್ದೆ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಅಪ್ಪ ಮಲಗಿದ್ದಾಗ ಮಾಮನಿಗೆ ಯಾರೂ ಹೇಳಿಕಳಿಸಿರಲಿಲ್ಲ... ಅವರೇ ಬಂದಿದ್ದರು.